ಎರಡನೇ ಗುಂಡಿ

ನಮ್ಮ ಹೊಳೆದಾರಿ ಐತಿಹಾಸಿಕ. ಅಂದ್ರೆ, ರಿಪೇರಿ ಅನ್ನೋದು ಅಲ್ಲಿ ಇತಿಹಾಸ ಸೇರಿತ್ತು. ನನ್ನ ಅಂಗಿಗಿಂತ ಆ ರಸ್ತೆಗೇ ಗುಂಡಿ ಜಾಸ್ತಿ. ಅದರ ಮೇಲೆ ಜನರನ್ನ ಓಡಾಡಿಸೋದು ಪ್ರವಾಸ ಕಚೇರಿಯಲ್ಲಿ ನನ್ನ ಕೆಲಸ. ಕರಪತ್ರದಲ್ಲಿ ಹಳೇ ಸೇತುವೆ ಹಾಕ್ದೆ, ಬಾತುಕೋಳಿ ಹಾಕ್ದೆ, ಸೂರ್ಯಾಸ್ತ ಹಾಕ್ದೆ. ಸೂರ್ಯ ಒಬ್ಬನೇ ತಪ್ಪದೆ ಬರ್ತಿದ್ದ.

"ಒಂದು ದೆವ್ವ ಹಾಕಯ್ಯ," ಅಂದ್ರು ಸಾಹೇಬ್ರು. "ಸಂಬಳ ಕೇಳದೆ ಕೆಲಸ ಮಾಡುತ್ತೆ."

ಹಾಕ್ದೆ. ಪಾಳುಬಿದ್ದ ದೋಣಿಕಟ್ಟೆ ಹತ್ರ ಸಂಜೆ ಹೊತ್ತು ಒಬ್ಬ ಹುಡುಗಿ ನಿಂತಿರ್ತಾಳೆ ಅಂತ ಒಂದೇ ಸಾಲು. ಅದೇ ಕಟ್ಟೆ ಯಾಕೆ ಅಂತ ನನ್ನನ್ನ ನಾನು ಕೇಳ್ಕೊಳ್ಳಲಿಲ್ಲ. ನಾನು ಚಿಕ್ಕವನಿದ್ದಾಗ ಅಕ್ಕ ದೋಣಿ ಹತ್ತಿದ್ದು ಅಲ್ಲೇ. ದೋಣಿ ಮಗುಚ್ತು. ಹೊಳೆ ಎಲ್ಲರನ್ನೂ ವಾಪಸ್ ಕೊಡ್ತು, ಅವಳೊಬ್ಬಳನ್ನ ಬಿಟ್ಟು.

ಬಸ್ಸು ತುಂಬೋಕೆ ಶುರುವಾಯ್ತು. ಒಂದಿನ ಊಟಕ್ಕೆ ಕೂತು, ಪ್ರವಾಸಿಗರು ಫೋನಿಗೆ ಕಳಿಸಿದ್ದನ್ನ ಅಮ್ಮನಿಗೆ ಓದಿ ಹೇಳ್ತಾ ನಗ್ತಿದ್ದೆ. "ಹುಡುಗಿ ಹಸಿರು ಸ್ವೆಟರ್ ಹಾಕಿದ್ಲು, ಒಂದು ಗುಂಡಿ ಇರಲಿಲ್ಲ..."

ಓದೋದು ನಿಲ್ಲಿಸ್ದೆ. ಸ್ವೆಟರ್ ವಿಷಯ ನಾನು ಬರೆದೇ ಇರ್ಲಿಲ್ಲ.

ಅಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. "ಯಾವ ಗುಂಡಿ?"

"ಮೇಲಿಂದ ಎರಡನೇದು," ಅಂತ ಮುಂದಿನ ಸಾಲು ಓದ್ದೆ.

"ಹೊಲಿದು ಕೊಡ್ತೀನಿ ಇರೇ ಅಂದೆ. ದೋಣಿ ಹೋಗ್ಬಿಡುತ್ತೆ ಅಂತ ಓಡಿದ್ಲು."

ಎದ್ದು ಹೊಲಿಗೆ ಡಬ್ಬಿ ತಂದು, ತಳ ಕೆದಕಿ, ಒಂದು ಹಸಿರು ಗುಂಡಿ ತೆಗೆದ್ಲು. "ನಾಳೆ ನಿನ್ನ ಬಸ್ಸಲ್ಲಿ ನಂಗೊಂದು ಸೀಟು ಇಡು. ಅವಳನ್ನ ನೋಡ್ಬೇಕು."

"ಅಮ್ಮ, ಆ ದೆವ್ವ ನಾನೇ ಕಟ್ಟಿದ್ದು."

"ನೀನು ಕಟ್ಟಿದ್ದು ಕಥೆ ಕಣೋ. ಸ್ವೆಟರ್ ಹೆಣೆದಿದ್ದು ನಾನು."

ಮರುದಿನ ಸಂಜೆ ಕಟ್ಟೆ ಹತ್ರ ಬಸ್ಸು ನಿಲ್ತು. ಎಲ್ಲರ ಕೈಯಲ್ಲೂ ಫೋನು, ಅಮ್ಮನ ಕೈಯಲ್ಲಿ ಬಿಳಿ ದಾರ ಪೋಣಿಸಿದ ಸೂಜಿ. ಕಲ್ಲಿನ ಮೇಲೆ ಕೂತ್ಲು. ಕಾದ್ಲು. ಯಾರೂ ಬರ್ಲಿಲ್ಲ. "ದೆವ್ವಕ್ಕೆ ಇವತ್ತು ರಜಾನಾ?" ಅಂತ ಹಿಂದಿಂದ ಯಾರೋ ಅಂದ್ರು. ಡ್ರೈವರ್ ಹಾರ್ನ್ ಹೊಡೆದ. ಅಮ್ಮ ಗುಂಡಿ, ಸೂಜಿ ಎರಡನ್ನೂ ಕಲ್ಲಿನ ಮೇಲಿಟ್ಟು ಎದ್ಲು.

"ಅವಳಿಗೆ ಹೊಲಿಯೋಕೆ ಬರುತ್ತಾ?" ಅಂತ ಕೇಳ್ದೆ. ಯಾಕೆ ಕೇಳ್ದೆನೋ.

"ಸೊಟ್ಟಸೊಟ್ಟಗೆ ಬರುತ್ತೆ."

ವಾಪಸ್ ದಾರಿಯುದ್ದಕ್ಕೂ ಕಿಟಕಿ ಕಡೆ ತಿರುಗಿ ನೋಡಲಿಲ್ಲ ಅಮ್ಮ.

ಅಷ್ಟರಲ್ಲಿ ಸಾಹೇಬ್ರು ಹೊಸ ಕರಪತ್ರ ಅಚ್ಚು ಹಾಕ್ಸಿದ್ರು. ಒಂದು ಗುಂಡಿ ಇಲ್ಲದ ಸ್ವೆಟರ್ ದಪ್ಪ ಅಕ್ಷರದಲ್ಲಿ. ವಾರ ಕಳೀತು, ಒಬ್ಬ ಪ್ರಯಾಣಿಕನ ದೂರು ಬಂತು. ಅದನ್ನೂ ಅಮ್ಮನಿಗೆ ಓದ್ದೆ. ಈ ಸಲ ನಗದೆ.

"ಒಂದು ಗುಂಡಿ ಇಲ್ಲ ಅಂತ ಹಾಕಿದೀರಿ. ಹೋಗಿ ನೋಡಿದ್ರೆ ಎಲ್ಲಾ ಇದೆ. ಎರಡನೇದನ್ನ ಮಾತ್ರ ಬಿಳಿ ದಾರದಲ್ಲಿ ಸೊಟ್ಟಗೆ ಹೊಲಿದಿದೆ. ಇರೋದನ್ನ ಇದ್ದಹಾಗೆ ಬರೀರಿ."

ಅಮ್ಮ ಹೊಲಿಗೆ ಡಬ್ಬಿ ಮುಚ್ಚಳ ಸವರಿದ್ಲು.

"ಹಸಿರು ದಾರ ಮುಗಿದಿತ್ತು," ಅಂದ್ಲು. "ಏನಂದ್ಕೊಂಡ್ಲೋ."