ಗುಂಡು ಬಾಗಿಲು

“ಎಡಕ್ಕ ಎತ್ತೋ ವಸೀಮ, ಎಡಕ್ಕ!”

ಹೆಣ ಕೂರಿಸಿದ್ದ ಬಿದಿರಿನ ವಿಮಾನ ಮತ್ತೆ ಬಾಗಿಲ ಕಮಾನಿಗೆ ಬಡಿಯಿತು. ಮಲಕಪ್ಪನ ತಲೆ ವಾಲಿತು. ನಿಂಬೆವ್ವ ಗಂಡನ ರುಮಾಲು ಸರಿಮಾಡಿ, ಹೊತ್ತವರನ್ನು ದುರುಗುಟ್ಟಿ ನೋಡಿದಳು.

“ಅಳತಿ ತಗೊಂಡಿರಲಿಲ್ಲೇನ್ರೋ? ಎಲ್ಲಾರೂ ಗೌಂಡೇರು ಬ್ಯಾರೆ!”

“ತಗೊಂಡಿದ್ವಿ ವೈನಿ,” ಎಂದ ಹೇಮಪ್ಪ, ಮಲಕಪ್ಪನ ಜೊತೆ ಗೋಡೆ ಕಟ್ಟುತ್ತಿದ್ದವನು. “ಅಗಲ ಕೆಳಗ ಹಿಡದ್ವಿ, ಎತ್ತರ ನಡುವ. ಮೂಲಿ ನೆನಪಾಗ್ಲಿಲ್ಲ.”

ಬಾಗಿಲ ಮೇಲ್ಭಾಗ ಅರ್ಧ ಗುಂಡಗಿತ್ತು, ವಿಮಾನ ಚೌಕ. ಹೊರಗೆ ಮಳೆಯೆಂದು ಒಳಗೇ ಕಟ್ಟಿದ್ದರು. ಗುಡ್ಡದಾಚೆ ತೋಡಿದ ಕುಣಿಯಲ್ಲಿ ನೀರು ನಿಲ್ಲುತ್ತಿದೆ ಎಂದು ಮತ್ತೆ ಮತ್ತೆ ಫೋನು ಬರುತ್ತಿತ್ತು.

*

ಆ ಬಾಗಿಲು ಬಂದದ್ದು ಗೋವಾದ ದೋನಾಪಾವ್ಲಾದ ಒಂದು ಬಂಗಲೆಯಿಂದ. ಅಲ್ಲಿನ ಆರ್ಕಿಟೆಕ್ಟ್ ಮಲಕಪ್ಪನಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದ್ದಳು: ಹತ್ತೊಂಬತ್ತನೇ ಶತಮಾನದ ಜರ್ಮನಿಯ ರೈಲು ನಿಲ್ದಾಣ, ಗಿಲಾವಿಲ್ಲದ ಕೆಂಪು ಇಟ್ಟಂಗಿ, ಸಾಲು ಸಾಲು ಅರ್ಧಗುಂಡಿನ ಕಮಾನು. ಬಂಗಲೆ ಮುಗಿದ ಮೇಲೆ ಉಳಿದ ಇಟ್ಟಂಗಿ ಕೇಳಿ ತಂದು, ಚಿಂಬಲ್‌ನ ಈ ಚಿರೇಕಲ್ಲಿನ ಒಂಟಿ ಖೋಲಿಗೆ ಅಂಥದ್ದೇ ಬಾಗಿಲು ಕಟ್ಟಿದ.

“ಜರ್ಮನ್ ಮಂದಿ ಸ್ಟೇಷನ್ ಹಿಂಗ ಇರ್ತಾವು.”

“ನಮ್ಮನ್ಯಾಗ ಯಾವ ರೈಲು ಬರ್ತೈತಿ?” ಎಂದಿದ್ದಳು ನಿಂಬೆವ್ವ.

ರೈಲು ಬರಲಿಲ್ಲ; ಕಮಾನಿಗೆ ತಾಗಿ ಕಪಾಟೂ ಒಳಗೆ ಬರಲಿಲ್ಲ. ಅಂಗಡಿಯಿಂದ ತಂದ ಚೌಕ ಕದದ ಮೇಲೆ ಅರ್ಧಚಂದ್ರದಷ್ಟು ಸಂದಿ ಉಳಿಯಿತು. ಅಲ್ಲಿ ತುರುಕಿದ ಸಿಮೆಂಟ್ ಚೀಲ ಪ್ರತಿ ಮಳೆಗಾಲ ಸೋರಿತು. “ಒಡದು ಚೌಕ ಮಾಡ್ರಿ” ಎಂದು ಆಕೆ ಹೇಳದ ಆಷಾಢವಿಲ್ಲ. “ನೋಡೂಣು” ಎನ್ನುತ್ತಿದ್ದ. ನೋಡುತ್ತಲೂ ಇದ್ದ: ಬೀಡಿ ಹಚ್ಚಿ, ರಸ್ತೆಯಲ್ಲಿ ನಿಂತು, ಕಮಾನನ್ನು.

*

“ಒಡದ ಬಿಡೂಣು,” ವಸೀಮ ಸುತ್ತಿಗೆ ತಂದ. “ನೀವೂ ಅದನ್ನ ಹೇಳ್ತಿದ್ರಲ್ಲ ಚಾಚಿ?”

ಹೇಮಪ್ಪ ಕಮಾನಿನ ನೆತ್ತಿಯ ಇಟ್ಟಂಗಿಗೆ ಉಳಿ ಇಟ್ಟ. ಅದೊಂದನ್ನು ಕಿತ್ತರೆ ಉಳಿದವು ತಾವೇ ಬೀಳುತ್ತವೆ.

“ಮುಟ್ಟಿದ್ರ ನೋಡ್ರಿ ಮತ್ತ!”

“ಮತ್ತ ಹ್ಯಾಂಗ ವೈನಿ? ಕುಣಿ ತುಂಬಾಕತ್ತೈತಿ.”

“ಇಷ್ಟು ವರ್ಷ ಇವರ ಹಠ ತಾಳೀನಿ. ಈಗ ನಿಮ್ಮ ದಡ್ಡತನಾನೂ ತಾಳಬೇಕೇನು? ಬಿದಿರು ಸೀಳ್ರಿ. ಬಗ್ಗಸ್ರಿ. ಮ್ಯಾಲೆ ಗುಂಡಗ ಕಟ್ರಿ!”

ಬೈಯುತ್ತ ಬೈಯುತ್ತ ಹಗ್ಗವನ್ನು ತಾನೇ ಬಿಗಿದು ಹಿಡಿದಳು.

ಹೊಸದಾಗಿ ಬಾಗಿಸಿದ ವಿಮಾನ, ಚೀಲ ಕಿತ್ತ ಕಮಾನಿನೊಳಗೆ ಅಚ್ಚು ಹೊಯ್ದಂತೆ ಹೊಕ್ಕಿತು. ಆಚೀಚೆ ಬೆರಳಿನಷ್ಟು ಜಾಗ.

“ಮೆಲ್ಲಕ! ಇಟ್ಟಂಗಿ ತರಚೀತು!”

ನಿಂಬೆವ್ವ ಬಿದಿರಿಗೂ ಇಟ್ಟಂಗಿಗೂ ನಡುವೆ ತನ್ನ ಕೈ ಚಾಚಿ ಇಟ್ಟಿದ್ದಳು. ವಿಮಾನ ಅದನ್ನು ಉಜ್ಜಿಕೊಂಡೇ ಮಳೆಗೆ ಇಳಿಯಿತು.