ಅಮೂಲ್ಯಳ ಕಿವಿ ಚುಚ್ಚುವ ಶಾಸ್ತ್ರ

ವಿನೋಬನಗರದ ಕಲ್ಲಮ್ಮ ಸುಮ್ಮನೆ ಕೂತದ್ದನ್ನು ಕಂಡವರಿಲ್ಲ. ಆ ಭಾನುವಾರವಂತೂ ಕೇಳುವುದೇ ಬೇಡ, ಮೊಮ್ಮಗಳು ಅಮೂಲ್ಯಳ ಕಿವಿ ಚುಚ್ಚುವ ಶಾಸ್ತ್ರ. ವರ್ಷ ತುಂಬುವಾಗಲೇ ಆಗಬೇಕಿದ್ದದ್ದು, ಒಮ್ಮೆ ಕೊರೊನಾ, ಒಮ್ಮೆ ಮಿಲಿಟರಿಯಲ್ಲಿರುವ ಅಳಿಯನಿಗೆ ರಜೆಯಿಲ್ಲ ಅಂತ ಮುಂದೆ ಹೋಗಿ ಹೋಗಿ ಹುಡುಗಿಗೆ ಏಳಾಗಿತ್ತು. ಅಳಿಯ ಬರದಿದ್ದರೂ ಸರಿ, ಈ ಸಲ ಬಿಡುವುದಿಲ್ಲ ಅಂದುಬಿಟ್ಟಿದ್ದಳು. ಹೋಳಿಗೆ ದಪ್ಪವಾಯಿತೆಂದು ಅಡುಗೆಯವಳನ್ನು ಬೈದು, ಪಂಚೆ ಮುದುಡಿದೆಯೆಂದು ಗಂಡ ಮುರುಗೇಶಪ್ಪನನ್ನು ಬೈದು, ಇನ್ಯಾರೂ ಸಿಗದೆ ಹಾಲಿನವನಿಗೆ ಫೋನ್ ಮಾಡಿದಳು.

ಮಗು ಸೋದರಮಾವನ ತೊಡೆಯ ಮೇಲೆ ಕೂತೇ ಕಿವಿ ಚುಚ್ಚಿಸಿಕೊಳ್ಳಬೇಕು. ಮಾವ ಅಂದರೆ ಕಲ್ಲಮ್ಮನ ಮಗ ವಿಜಯೇಂದ್ರ, ಭದ್ರಾವತಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಬೇಸಿಗೆ ರಜೆಯಲ್ಲಿ ಅಮೂಲ್ಯ ಅವನ ಮನೆಯಲ್ಲೇ ಇದ್ದು ಬಂದಿದ್ದಳು. ಅವನು ಮಣೆಯ ಮೇಲೆ ಕೂತ, ಅಕ್ಕಸಾಲಿಗ ಸಿದ್ಧನಾದ. ಹುಡುಗಿ ಮಾತ್ರ ಕೋಣೆಯಿಂದ ಹೊರಬರಲೇ ಇಲ್ಲ.

"ಸೂಜಿಗೆ ಹೆದರ್ಕೊಂಡಿದೆ ಪಾಪ," ಅಂದರು ಎಲ್ಲರೂ. ಚಾಕಲೇಟು ಬಂತು, ಮೊಬೈಲು ಬಂತು. ಕೊನೆಗೆ ಕಲ್ಲಮ್ಮನೇ ಒಳಗೆ ಹೋದಳು.

"ಇರುವೆ ಕಚ್ಚಿದಂಗೆ ಆಗುತ್ತೆ ಅಷ್ಟೇ ಮಾರಾಯ್ತಿ, ಬಾ."

"ಎರಡೂ ಕಿವಿ ಚುಚ್ಲಿ ಅಜ್ಜಿ. ಮೂಗೂ ಚುಚ್ಲಿ. ಮಾವನ ತೊಡೆ ಬೇಡ."

"ಯಾಕೆ ಪುಟ್ಟಿ?"

"ಅತ್ತೆ ಮನೇಲಿ ಇಲ್ದಾಗ ಮಾವ ಮುಟ್ಟಬಾರದ ಕಡೆ ಮುಟ್ತಿದ್ರು. ಬೇಡ ಅಂದ್ರೂ ಬಿಡ್ಲಿಲ್ಲ. ಯಾರಿಗಾದ್ರೂ ಹೇಳಿದ್ರೆ ಅಜ್ಜಿ ಎದೆ ಒಡ್ಕೊಂಡು ಸತ್ತೋಗ್ತಾಳೆ ಅಂದ್ರು." ಹೇಳಿಬಿಟ್ಟು, ಅಜ್ಜಿ ಈಗ ಸಾಯುತ್ತಾಳೇನೋ ಎಂದು ನೋಡುತ್ತಾ ನಿಂತಳು.

ಕಲ್ಲಮ್ಮನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಅವನನ್ನು ಹೊತ್ತದ್ದೂ ಅದೇ ಹೊಟ್ಟೆ. ಸುಳ್ಳಾಗಿರಲಿ ದೇವರೇ ಎಂದು ಒಂದು ಗಳಿಗೆ ಬೇಡಿಕೊಂಡಳು. ಆ ಪುಟ್ಟ ಮುಖ ನೋಡಿ ಬೇಡುವುದನ್ನು ಬಿಟ್ಟಳು.

"ನಾನೆಲ್ಲಿ ಸಾಯ್ತೀನೇ? ಗುಂಡುಕಲ್ಲಿನಂಗೆ ಇದೀನಿ, ಮುಟ್ಟಿ ನೋಡು. ಹೇಳಿದ್ದು ಒಳ್ಳೇದಾಯ್ತು. ನಿಂದೇನೂ ತಪ್ಪಿಲ್ಲ ಕಣೇ."

ಮಗಳು ಸುಮನಾಳನ್ನೂ ಗಂಡನನ್ನೂ ಒಳಗೆ ಕರೆದು ಕಲ್ಲಮ್ಮ ಹೇಳಿದಳು. ಸುಮನಾ ಮಗುವನ್ನು ತಬ್ಬಿಕೊಂಡು ಕುಸಿದಳು. ಮುರುಗೇಶಪ್ಪ ಮೊದಲು ಬಾಗಿಲ ಚಿಲಕ ಹಾಕಿದ.

"ಮೆಲ್ಲಗೆ! ಹೊರಗೆ ಬೀಗರಿದಾರೆ. ಶಾಸ್ತ್ರ ಮುಗೀಲಿ, ಆಮೇಲೆ ನಾನೇ ಅವನಿಗೆ ಬುದ್ಧಿ ಹೇಳ್ತೀನಿ. ಹೆಣ್ಮಗು, ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ? ಮನೆ ಮರ್ಯಾದೆ ಅಂತ ಒಂದಿದೆ."

"ನಿಮ್ಮ ಮರ್ಯಾದೆಗಿಷ್ಟು ಬೆಂಕಿ ಹಾಕ! ಏಳು ವರ್ಷದ ಕೂಸಿಗೆ ಈಗ್ಲೇ ಗಂಡು ಹುಡುಕ್ತೀರಾ? ಮುಚ್ಚಿಟ್ರೆ ನಾಳೆ ಇನ್ನೊಂದು ಮಗು. ಸುಮನಾ, ಏಳು." ಕಲ್ಲಮ್ಮ ಚಿಲಕ ತೆಗೆದಳು.

ನಡುಮನೆಯಲ್ಲಿ ವಿಜಯೇಂದ್ರ ನಗುತ್ತಾ ತೊಡೆ ತಟ್ಟಿದ. "ಬಾರೇ ಪುಟ್ಟಿ, ಮಾವ ಇದೀನಲ್ಲ." ಕಲ್ಲಮ್ಮ ಅವನನ್ನು ನೋಡಿದಳು. ಅವನ ನಗು ನಿಂತಿತು.

ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಉಟ್ಟ ರೇಷ್ಮೆಯಲ್ಲೇ ಆಟೋ ಹತ್ತಿದರು. ದಾರಿಯುದ್ದಕ್ಕೂ ಕಲ್ಲಮ್ಮ ಗುಂಡಿ ನೋಡಿ ಓಡಿಸಪ್ಪ ಎಂದು ಆಟೋದವನನ್ನು ಬೈಯುತ್ತಲೇ ಇದ್ದಳು. ತಾನು ಅತ್ತರೆ ಮಗು ಹೆದರೀತು ಅಂತ.

ಮಹಿಳಾ ಠಾಣೆಯಲ್ಲಿ ಮಫ್ತಿಯಲ್ಲಿದ್ದ ಮೇಡಂ ಒಬ್ಬರು ಅಮೂಲ್ಯಳನ್ನು ತಾಯಿಯ ಜೊತೆ ಕೂರಿಸಿ, ಅಜ್ಜಿಯನ್ನು ಪಕ್ಕಕ್ಕೆ ಕರೆದರು.

"ದೂರು ಯಾರು ಕೊಡ್ತೀರಮ್ಮ?"

"ನಾನೇ."

"ಆರೋಪಿ ನಿಮಗೆ ಏನಾಗ್ಬೇಕು?"

ಕಲ್ಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮಗ," ಅಂದಳು. "ನನ್ನ ಮಗ. ಬರ್ಕೊಳ್ಳಿ."