ಮಾಣಿಕಬಾಯಿಯ ರಕ್ತ

ಮಾಣಿಕಬಾಯಿಗೆ ಉಳಿದದ್ದು ಒಂದೇ ಆಸೆ. ಚಾತುರ್ಮಾಸಕ್ಕೆ ಬರುವ ಜೈನ ಮುನಿಗಳನ್ನು ಮನೆಬಾಗಿಲಲ್ಲಿ ಎದುರುಗೊಂಡು, ಮೂರು ಸುತ್ತು ಬಂದು, ನಿಂತು ಅವರ ಬೊಗಸೆಗೆ ತುತ್ತು ಹಾಕಬೇಕು. ಆದರೆ ಮೊಣಕಾಲು ಸವೆದು ಗೋಡೆ ಹಿಡಿದು ನಡೆಯುವಂತಾಗಿತ್ತು. ಮಿರಜಿನಲ್ಲಿ ಹೊಸ ಆಸ್ಪತ್ರೆ ಆಗಿದೆ, ಕೀಲನ್ನೇ ಬದಲಿಸುತ್ತಾರೆ ಎಂದು ಅವಳ ಊರು ಕವಲಾಪುರದ ತುಂಬ ಸುದ್ದಿ. ಆಕೆ ಒಪ್ಪಿದಳು. ಆದರೆ ಡಾಕ್ಟರ ಎದುರು ಕೂತೊಡನೆ ಹೇಳಿಬಿಟ್ಟಳು: "ಮಂದಿ ರಕ್ತ ನನ್ನ ಮೈಯಾಗ ಬ್ಯಾಡ್ರಿ. ವ್ರತ ತೊಗೊಂಡೇನಿ."

ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ತೊಡೆಗೆ ಪಟ್ಟಿ ಬಿಗಿದು, ರಕ್ತಸ್ರಾವ ತಗ್ಗಿಸುವ ಇಂಜೆಕ್ಷನ್ ಕೊಟ್ಟರೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಆದರೆ ಮೊದಲು ನಿಮ್ಮದೇ ರಕ್ತ ಏರಬೇಕು ಎಂದು ಕಬ್ಬಿಣಾಂಶದ ಕ್ಯಾಪ್ಸೂಲ್ ಬರೆದುಕೊಟ್ಟರು. ಅದನ್ನು ತಪ್ಪದೆ ಕೊಡುವ ಹೊಣೆ ಸೊಸೆ ಅಲಕಾಳದು.

ಮರುದಿನವೇ ನೆರೆಮನೆಯ ಸರುಬಾಯಿ ಬಾಗಿಲಲ್ಲಿ ನಿಂತು ಕೈ ತಿರುವಿದಳು. "ಆ ಕ್ಯಾಪ್ಸೂಲಿನ ಟೊಪ್ಪಿಗಿ ದನದ ಎಲುಬಿಂದ ಮಾಡ್ತಾರಂತ. ಜನ್ಮಾ ಪೂರ್ತಿ ಉಪವಾಸ ಮಾಡಿ ಈಗ ಎಲುಬು ನುಂಗತಿ ಏನ ಅಕ್ಕಾ?"

ಅಂದಿನಿಂದ ಮಾಣಿಕಬಾಯಿ ಕ್ಯಾಪ್ಸೂಲಿಗೆ ಬಾಯಿ ತೆರೆಯಲೇ ಇಲ್ಲ. ಅಲಕಾ ತಾನೇ ದಾರಿ ಹುಡುಕಿದಳು. ಕ್ಯಾಪ್ಸೂಲ್ ಬಿಡಿಸಿ, ಮೇಲಿನ ಹೊಟ್ಟು ಎಸೆದು, ಒಳಗಿನದನ್ನು ಹಾಲಿಗೆ ಕಲಸಿ, ಹೊತ್ತು ಮುಳುಗುವ ಮುಂಚೆ ಅತ್ತೆಯ ಕೈಗೆ ಕೊಡುತ್ತಿದ್ದಳು. ಹೀಗೆ ಮಾಡಬಹುದೋ ಇಲ್ಲವೋ ಎಂದು ಪ್ರತಿ ಸಂಜೆ ಅನುಮಾನ. ಇಷ್ಟಕ್ಕೆ ಡಾಕ್ಟರನ್ನು ಕೇಳಿದರೆ ಹಳ್ಳಿಯವಳು ಅಂದಾರು ಎಂದು ಪ್ರತಿ ಸಂಜೆ ಸುಮ್ಮನಾದಳು.

ದೀಪಾವಳಿ ಮುಗಿಸಿ ಮತ್ತೆ ಮಿರಜಿಗೆ ಹೋದಾಗ ರಕ್ತ ಏರಿರಲಿಲ್ಲ, ಇನ್ನಷ್ಟು ಇಳಿದಿತ್ತು. ಹೃದಯವೂ ಸೋತಿದೆ ಎಂದರು. ಔಷಧ ಹೇಗೆ ಕೊಟ್ಟಿರಿ ಎಂದು ಕೇಳಿದಾಗ ಅಲಕಾ ಇದ್ದದ್ದು ಇದ್ದಂತೆ ಹೇಳಿದಳು. ಹಾಲು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ, ಹೊಟ್ಟಿಲ್ಲದ ಗುಳಿಗೆಯೂ ಇತ್ತಲ್ಲ, ಒಂದು ಮಾತು ಕೇಳಿದ್ದರೆ... ಡಾಕ್ಟರು ಅಷ್ಟಕ್ಕೇ ನಿಲ್ಲಿಸಿದರು.

"ಹಂಗಾರ ಮಂದೀದ ಹಾಕ್ರಿ," ಎಂದಳು ಮಾಣಿಕಬಾಯಿ.

ಅಲಕಾ ಬೆಚ್ಚಿ ನೋಡಿದಳು. "ಅತ್ತಿ, ವ್ರತ ಐತ್ರಿ."

"ಬಿಡತೇನಿ. ಹಾಕ್ರಿ ಡಾಕ್ಟರ್ ಸಾಹೇಬರ, ಯಾರದರ ಹಾಕ್ರಿ. ನಾ ನಿಂದರಬೇಕು."

ಡಾಕ್ಟರು ತಲೆ ಅಲ್ಲಾಡಿಸಿದರು. ಇನ್ನು ರಕ್ತದ ಪ್ರಶ್ನೆಯಲ್ಲ. ಈ ಹೃದಯ ಇಟ್ಟುಕೊಂಡು ಕಾಲಿಗೆ ಕತ್ತರಿ ಹಾಕಲಾರೆ. ಈ ವರ್ಷವೂ ಇಲ್ಲ, ಮುಂದೆಯೂ ಇಲ್ಲ.

ಹೊರಗೆ ರಿಕ್ಷಾದ ಹತ್ತಿರ ಮಾಣಿಕಬಾಯಿ ಸೊಸೆಯ ಮೊಣಕೈ ಹಿಡಿದಳು. "ವ್ರತ ಬಿಡತೇನಿ ಅಂದದ್ದು ಮನ್ಯಾಗ ಹೇಳಬ್ಯಾಡ."

"ಇಲ್ರೀ ಅತ್ತಿ."

ಹಾಲಿನ ಮಾತನ್ನೂ ಹೇಳುವುದಿಲ್ಲ ಎಂದು ಅತ್ತೆ ಅಂದಾಳೇನೋ ಎಂದು ಅಲಕಾ ಕಾದಳು. ಮಾಣಿಕಬಾಯಿ ತನ್ನ ಕಾಲನ್ನು ಎರಡೂ ಕೈಯಿಂದ ಎತ್ತಿ ರಿಕ್ಷಾದೊಳಗೆ ಇಟ್ಟುಕೊಂಡು, ರಸ್ತೆಯ ಕಡೆ ಮುಖ ತಿರುಗಿಸಿದಳು.